ಜಾಣಕಿವುಡು

ಕನ್ನಡದಲ್ಲಿ ‘ಜಾಣಕಿವುಡು’ ಎಂಬ ಒಂದು ಮಾತಿದೆ. ಬೇಕಾದದ್ದು ಕೇಳಿಸುತ್ತದೆ, ಬೇಡವಾದದ್ದು ಕೇಳಿಸುವುದಿಲ್ಲ ಎಂಬಂತೆ ನಡೆದುಕೊಳ್ಳುವವರನ್ನು ಕುರಿತು ಈ ಮಾತನ್ನು ಆಡುತ್ತೇವೆ. ಸಾಲ ತೀರಿಸದವನು, ಅರ್ಜಿ ನೋಡದ ಅಧಿಕಾರಿ, ಆಶ್ವಾಸನೆ ಮರೆತ ಮಂತ್ರಿ ಇಂಥವರ ವಿಷಯದಲ್ಲಿ ಮಾತು ಸೊಗಸಾಗಿಯೇ ಹೊಂದುತ್ತದೆ. ಆದರೆ ಮನೆಯೊಳಗೆ, ವಯಸ್ಸಾದವರ ಮೇಲೆ ಇದೇ ಮಾತು ಪ್ರಯೋಗವಾದಾಗ ಅದು ಅಲಂಕಾರವಾಗಿ ಉಳಿಯುವುದಿಲ್ಲ, ಆರೋಪವಾಗುತ್ತದೆ. ಕಿವುಡಿನ ಚಿಕಿತ್ಸೆಯ ಚರಿತ್ರೆಯನ್ನು ಸಾಮಾನ್ಯವಾಗಿ ಯಂತ್ರಗಳ ಚರಿತ್ರೆಯಾಗಿ ಬರೆಯುತ್ತಾರೆ: ಮೊದಲು ತುತ್ತೂರಿ, ಆಮೇಲೆ ವಿದ್ಯುತ್ತು, ಆಮೇಲೆ ಟ್ರಾನ್ಸಿಸ್ಟರ್ ಎಂದು. ನಾನು ಕನ್ನಡ ಪಾಠ ಹೇಳಿಕೊಂಡಿದ್ದವನು. ಯಂತ್ರಗಳ ವಿಷಯ ಬಲ್ಲವರು ಬೇರೆ ಇದ್ದಾರೆ. ಕಿವಿಗೂ ಯಂತ್ರಕ್ಕೂ ನಡುವೆ ನಿಂತ ಈ ಆರೋಪದ ಮತ್ತು ಅದರಿಂದ ಹುಟ್ಟಿದ ಸಂಕೋಚದ ಚರಿತ್ರೆಯನ್ನು ಕುರಿತು ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಮೊದಲು, ಈ ಆರೋಪ ಏಕೆ ಹುಟ್ಟುತ್ತದೆಂಬುದನ್ನು ನೋಡಬೇಕು. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿಕೊಂಡ ಒಂದು ಅಂಗವಿದೆ. ಅದರೊಳಗಿನ ರೋಮಕೋಶಗಳು ಶಬ್ದವನ್ನು ನರಕ್ಕೆ ಮುಟ್ಟಿಸುತ್ತವೆ. ವಯಸ್ಸಾದಂತೆ ಮೊದಲು ನಶಿಸುವವು ತಾರಸ್ಥಾಯಿಯ ಶಬ್ದಗಳನ್ನು ಹಿಡಿಯುವ ಕೋಶಗಳು. ಮಾತಿನಲ್ಲಿ ಸ್ವರಗಳ ಬಲವೆಲ್ಲ ಕೆಳಗಿನ ಸ್ಥಾಯಿಯಲ್ಲಿದೆ. ಸಕಾರ, ಶಕಾರ, ತಕಾರಗಳಂಥ ವ್ಯಂಜನಗಳು ದುರ್ಬಲವಾದವು, ಮೇಲಿನ ಸ್ಥಾಯಿಯವು. ಆದುದರಿಂದ ಮುದುಕರ ಕಿವಿಗೆ ಸ್ವರ ಬೀಳುತ್ತದೆ, ವ್ಯಂಜನ ಬೀಳುವುದಿಲ್ಲ. ‘ಹಾಲು’, ‘ಕಾಲು’, ‘ಸಾಲು’, ‘ಪಾಲು’ ಈ ನಾಲ್ಕೂ ಅವರಿಗೆ ಒಂದೇ ಆಗಿಬಿಡುತ್ತವೆ. ಸ್ವರ ಸ್ವತಂತ್ರ, ವ್ಯಂಜನ ಪರತಂತ್ರವೆಂದು ವ್ಯಾಕರಣದ ತರಗತಿಯಲ್ಲಿ ಎಷ್ಟೋ ವರ್ಷ ಹೇಳಿದ್ದೇನೆ. ಅರ್ಥದ ಭಾರವನ್ನು ಹೊರುವುದು ಆ ಪರತಂತ್ರವಾದ ವ್ಯಂಜನವೇ ಎಂಬುದು ಕಿವಿ ಮಂದವಾದಾಗ ಮನಸ್ಸಿಗೆ ಹತ್ತುತ್ತದೆ. ಮಾತು ಕೇಳಿಸುತ್ತದೆ, ಏನೆಂದು ತಿಳಿಯುವುದಿಲ್ಲ. ಇದು ಮಂದಗಿವಿಯವರೆಲ್ಲರೂ ಹೇಳುವ ಮಾತು, ಮನೆಯವರು ನಂಬದ ಮಾತು.

ಇನ್ನೂ ಸೂಕ್ಷ್ಮವಾದ ಒಂದು ಸಂಗತಿಯಿದೆ. ಗಂಡಸರ ದನಿ ಸಾಮಾನ್ಯವಾಗಿ ತಗ್ಗಿನದು, ಹೆಂಗಸರ ಮತ್ತು ಮಕ್ಕಳ ದನಿ ಎತ್ತರದ್ದು. ಹಾಗಾಗಿ ಪಡಸಾಲೆಯಲ್ಲಿ ಎದುರು ಕುಳಿತು ಮಗ ಆಡಿದ ಮಾತು ಮಾವನವರಿಗೆ ಕೇಳಿಸುತ್ತದೆ. ಅಡುಗೆಮನೆಯಿಂದ, ಪಾತ್ರೆಗಳ ಸದ್ದಿನ ನಡುವೆ, ಸೊಸೆ ಆಡಿದ ಮಾತು ಕೇಳಿಸುವುದಿಲ್ಲ. ಮೆಲ್ಲಗೆ ಆಡಿದರೆ ಮುಟ್ಟದ ದನಿ, ಗಟ್ಟಿಯಾಗಿ ಕೂಗಿದೊಡನೆ ಕಿವಿಗೆ ಇರಿಯುತ್ತದೆ. ಅದೂ ಈ ಕಿವುಡಿನ ಒಂದು ಲಕ್ಷಣವೇ. ಆಗ ಮುದುಕರು ‘ಯಾಕೆ ಹಾಗೆ ಕೂಗುತ್ತೀಯೆ, ನಾನೇನು ಕಿವುಡನೆ?’ ಎಂದು ಸಿಡುಕುತ್ತಾರೆ. ಮಗನದು ಕೇಳಿಸಿತು, ನನ್ನದು ಕೇಳಿಸಲಿಲ್ಲ; ಮೂರು ಸಲ ಹೇಳಿದ್ದು ಕೇಳಿಸಲಿಲ್ಲ, ನಾಲ್ಕನೆಯದಕ್ಕೆ ಬೈದರು ಎಂದಮೇಲೆ ಆ ಹೆಣ್ಣುಮಗಳು ‘ಜಾಣಕಿವುಡು’ ಎನ್ನದೆ ಇನ್ನೇನು ಅಂದಾಳು? ನಮ್ಮ ಮನೆಗಳ ಎಷ್ಟು ಅತ್ತೆ ಸೊಸೆ ಜಗಳಗಳ ಮೂಲ ರೋಮಕೋಶಗಳಲ್ಲಿರಬಹುದೋ, ಲೆಕ್ಕವಿಟ್ಟವರಿಲ್ಲ.

ಈ ಆರೋಪ ನಮ್ಮ ನಾಡಿಗೆ ಮಾತ್ರ ಸೇರಿದ್ದಲ್ಲ. ಇಂಗ್ಲೆಂಡಿನ ನಾರ್ವಿಚ್ ಪಟ್ಟಣದಲ್ಲಿ 1802ರಲ್ಲಿ ಹುಟ್ಟಿದ ಹ್ಯಾರಿಯೆಟ್ ಮಾರ್ಟಿನೋ ಎಂಬಾಕೆ ಹತ್ತೊಂಬತ್ತನೆಯ ಶತಮಾನದ ಪ್ರಸಿದ್ಧ ಲೇಖಕಿ. ಅರ್ಥಶಾಸ್ತ್ರವನ್ನು ಕಥೆಗಳ ರೂಪದಲ್ಲಿ ಹೇಳಿ ಹೆಸರಾದವಳು. ಭಾರತದಲ್ಲಿನ ಬ್ರಿಟಿಷ್ ಆಳ್ವಿಕೆಯನ್ನು ಕುರಿತೂ ಒಂದು ಪುಸ್ತಕ ಬರೆದಳು. ಬಾಲ್ಯದಲ್ಲೇ ಕಿವಿ ಮಂದವಾಗತೊಡಗಿ, ಇಪ್ಪತ್ತರ ಹೊತ್ತಿಗೆ ಆಕೆ ಬಹುಮಟ್ಟಿಗೆ ಕಿವುಡಿಯಾಗಿದ್ದಳು. ಗಮನವಿಟ್ಟರೆ ಕೇಳಿಸುತ್ತದೆ, ಕೇಳಬೇಕೆಂಬ ಮನಸ್ಸಿಲ್ಲದವರಿಗಿಂತ ದೊಡ್ಡ ಕಿವುಡರಿಲ್ಲ ಎಂದು ಮನೆಯವರು ಚುಚ್ಚುತ್ತಿದ್ದುದನ್ನು ಆಕೆ ತನ್ನ ಆತ್ಮಕಥೆಯಲ್ಲಿ ನೆನೆದಿದ್ದಾಳೆ. ನಮ್ಮ ಜಾಣಕಿವುಡು ಅಲ್ಲಿ ಇಂಗ್ಲಿಷಿನಲ್ಲಿ ಮಾತನಾಡಿತು, ಅಷ್ಟೆ. ಮತ್ತೊಮ್ಮೆ ಹೇಳಿ ಎಂದು ಯಾರನ್ನೂ ಎಂದೂ ಕೇಳುವುದಿಲ್ಲವೆಂದು ಆ ಹುಡುಗಿ ತನಗೆ ತಾನೇ ಒಂದು ನಿಯಮ ಹಾಕಿಕೊಂಡಳು. ಸ್ವಾಭಿಮಾನವುಳ್ಳ ಮನಸ್ಸು ಆರೋಪಕ್ಕೆ ಕೊಡುವ ಉತ್ತರ ಇದು.

ಎಲ್ಲರ ಸ್ವಾಭಿಮಾನವೂ ಒಂದೇ ದಾರಿ ಹಿಡಿಯುವುದಿಲ್ಲ. ಮಾರ್ಟಿನೋ ಹುಟ್ಟಿದ ಅದೇ 1802ರ ಅಕ್ಟೋಬರಿನಲ್ಲಿ, ವಿಯೆನ್ನಾ ನಗರದ ಹೊರಗಿನ ಹೈಲಿಗೆನ್‌ಸ್ಟಾಟ್ ಎಂಬ ಹಳ್ಳಿಯಲ್ಲಿ, 31 ವರ್ಷದ ಸಂಗೀತಗಾರನೊಬ್ಬ ತನ್ನ ತಮ್ಮಂದಿರಿಗೆ ಒಂದು ದೀರ್ಘ ಪತ್ರ ಬರೆದ. ಆತ ಬೇಥೋವನ್. ಜನ ತನ್ನನ್ನು ಹಟಮಾರಿ, ಮನುಷ್ಯದ್ವೇಷಿ ಎಂದು ತಿಳಿದಿದ್ದಾರೆ. ನಿಜವಾದ ಕಾರಣ ಬೇರೆ, ತನ್ನ ಕಿವಿ ಹೋಗುತ್ತಿದೆ. ಆದರೆ ಗಟ್ಟಿಯಾಗಿ ಮಾತನಾಡಿ, ನಾನು ಕಿವುಡ ಎಂದು ಜನರಿಗೆ ಹೇಳುವುದು ತನ್ನಿಂದಾಗದು ಎಂಬುದು ಆ ಪತ್ರದ ಸಾರ. ಹಿಂದಿನ ವರ್ಷ ಸ್ನೇಹಿತನಾದ ವೈದ್ಯನಿಗೆ ಬರೆದ ಕಾಗದದಲ್ಲೂ ಇದೇ ದುಃಖವಿದೆ: ಬೇರೆ ಯಾವುದಾದರೂ ವೃತ್ತಿಯಾಗಿದ್ದರೆ ಹೇಗೋ ಸಹಿಸಬಹುದಿತ್ತು, ಸಂಗೀತಗಾರನಿಗೆ ಇದು ಬಂದರೆ ವೈರಿಗಳು ಏನೆಂದಾರು ಎಂದು. ಎರಡು ವರ್ಷದಿಂದ ತಾನು ಜನರ ಕೂಟಗಳನ್ನೇ ತಪ್ಪಿಸಿಕೊಂಡು ತಿರುಗುತ್ತಿರುವುದಾಗಿ ಅಲ್ಲಿ ಹೇಳಿದ್ದಾನೆ. ಹೈಲಿಗೆನ್‌ಸ್ಟಾಟಿನ ಪತ್ರವನ್ನು ಆತ ಕಳುಹಿಸಲೇ ಇಲ್ಲ. 1827ರಲ್ಲಿ ಸತ್ತಮೇಲೆ ಅದು ಅವನ ಕಾಗದಗಳ ನಡುವೆ ಸಿಕ್ಕಿತು. ಇಪ್ಪತ್ತೈದು ವರ್ಷ ತನ್ನ ಬಳಿಯೇ ಇಟ್ಟುಕೊಂಡಿದ್ದ!

ಆತನಿಗೆ ಉಪಕರಣಗಳ ಕೊರತೆಯಿರಲಿಲ್ಲ. ತಾಳಮಾಪಕ ಯಂತ್ರದಿಂದ ಹೆಸರಾದ ಮೆಲ್ಜೆಲ್ ಎಂಬಾತ ಅವನಿಗಾಗಿಯೇ ಹಲವು ಬಗೆಯ ಕಿವಿತುತ್ತೂರಿಗಳನ್ನು ಮಾಡಿಕೊಟ್ಟಿದ್ದ. 1818ರಿಂದೀಚೆಗೆ ಬಂದವರು ತಮ್ಮ ಮಾತನ್ನು ಒಂದು ಪುಸ್ತಕದಲ್ಲಿ ಬರೆದು ತೋರಿಸುತ್ತಿದ್ದರು. ಅಂಥ ನೂರಕ್ಕೂ ಹೆಚ್ಚು ಪುಸ್ತಕಗಳು ಉಳಿದಿವೆ. ಅವುಗಳನ್ನು ಓದುವವರಿಗೆ ಒಂದು ವಿಚಿತ್ರ ಅನುಭವವಾಗುತ್ತದೆ. ಬಂದವರ ಪ್ರಶ್ನೆಗಳಿವೆ, ಸುದ್ದಿಗಳಿವೆ, ಬಜಾರಿನ ಬೆಲೆಗಳಿವೆ. ಬೇಥೋವನ್ನನ ಉತ್ತರಗಳು ಬಹುಪಾಲು ಇಲ್ಲ. ಆತ ಬಾಯಿಂದಲೇ ಉತ್ತರ ಹೇಳುತ್ತಿದ್ದ. ನಾವು ಆ ಸಂಭಾಷಣೆಗೆ ಕಿವುಡರಾಗಿ ಕುಳಿತಿರುತ್ತೇವೆ.

ಮಾರ್ಟಿನೋ ಬೇರೆ ದಾರಿಗೆ ಬಂದಳು. ತುತ್ತೂರಿಯನ್ನು ಕೈಯಲ್ಲಿ ಹಿಡಿದು, ಎಲ್ಲರ ಕಣ್ಣಿಗೂ ಕಾಣುವಂತೆ ಕಿವಿಗೆ ಹಚ್ಚಿ ಕುಳಿತಳು. 1834ರಲ್ಲಿ ಎಡಿನ್‌ಬರೋದ ಒಂದು ಮಾಸಪತ್ರಿಕೆಯಲ್ಲಿ ಕಿವುಡರಿಗೆಂದೇ ಒಂದು ಬಹಿರಂಗ ಪತ್ರ ಬರೆದು, ತುತ್ತೂರಿ ಹಿಡಿಯಲು ನಾಚುವುದು ಹುಸಿನಾಚಿಕೆಯೆಂದೂ, ಆ ನಾಚಿಕೆಯಿಂದ ತಮಗೂ ತಮ್ಮೊಡನೆ ಇರುವವರಿಗೂ ನಷ್ಟವೆಂದೂ ವಾದಿಸಿದಳು. ಆ ವರ್ಷವೇ ಅಮೆರಿಕಕ್ಕೆ ಹೋಗಿ ಎರಡು ವರ್ಷ ಸುತ್ತಿದಳು. ಕಿವುಡಿಯಾದ ಹೆಂಗಸು ಒಂದು ದೇಶದ ಸಮಾಜವನ್ನು ಹೇಗೆ ಅರಿಯಬಲ್ಲಳು ಎಂದು ಆಕ್ಷೇಪಿಸುವವರಿಗೆ 1837ರ ತನ್ನ ಗ್ರಂಥದಲ್ಲಿ ಕೊಟ್ಟ ಉತ್ತರ ಸ್ವಾರಸ್ಯವಾಗಿದೆ: ತುತ್ತೂರಿಯ ಬಾಯಿಗೆ ಒಬ್ಬರೇ ಮಾತನಾಡಬಲ್ಲರು, ಹಾಗೆ ಹತ್ತಿರ ಬಂದು ಕುಳಿತವರು ಸಭೆಯಲ್ಲಿ ಆಡದ ಮಾತನ್ನು ಆಡುತ್ತಾರೆ ಎಂದು. ಆಕೆಯ ತುತ್ತೂರಿ ಬೇಥೋವನ್ನನ ತುತ್ತೂರಿಗಿಂತ ಉತ್ತಮವಾದುದೆಂದು ತಿಳಿಯಲು ಕಾರಣವಿಲ್ಲ. ವ್ಯತ್ಯಾಸವಿದ್ದದ್ದು ಹಿಡಿದ ಕೈಯಲ್ಲಿ. ಜೊತೆಗೆ ಇದನ್ನೂ ಹೇಳಬೇಕು, ಲೇಖಕಿಗೆ ಕಿವಿ ಅನ್ನವಲ್ಲ, ಸಂಗೀತಗಾರನಿಗೆ ಅದೇ ಅನ್ನ. ಬೇಥೋವನ್ನನ ಸಂಕೋಚವನ್ನು ದುರ್ಬಲತೆಯೆಂದು ಕರೆಯಲು ನನಗೆ ಮನಸ್ಸು ಬಾರದು.

ಆ ಕಾಲದ ತಯಾರಕರು ಮಾರ್ಟಿನೋಳಂಥವರು ವಿರಳವೆಂದು ಚೆನ್ನಾಗಿ ಬಲ್ಲರು. ಬೀಸಣಿಗೆಯೊಳಗೆ, ಟೋಪಿಯೊಳಗೆ, ಊರುಗೋಲಿನೊಳಗೆ, ಕೂದಲಿನ ಪಟ್ಟಿಯಡಿ ಅಡಗಿದ ತುತ್ತೂರಿಗಳನ್ನು ಮಾಡಿ ಮಾರಿದರು. ಶೋಕಾಚರಣೆಯ ಕಾಲಕ್ಕೆಂದು ಕಪ್ಪು ರೇಷ್ಮೆ ಸುತ್ತಿದ ತುತ್ತೂರಿಗಳೂ ಇದ್ದವು. ಲಂಡನ್ನಿನ ರೈನ್ ಎಂಬ ಇಂಥ ತಯಾರಕನೇ 1819ರಲ್ಲಿ ಪೋರ್ಚುಗಲ್ಲಿನ ದೊರೆ ಆರನೆಯ ಜೊವಾಂವ್‌ಗಾಗಿ ಒಂದು ಸಿಂಹಾಸನ ಮಾಡಿದ. ಅದರ ಎರಡು ಕೈಗಳ ತುದಿಯಲ್ಲಿ ಬಾಯಿ ತೆರೆದ ಸಿಂಹಗಳು, ಒಳಗೆಲ್ಲ ಟೊಳ್ಳು, ಆಸನದಿಂದ ಒಂದು ಕೊಳವೆ ದೊರೆಯ ಕಿವಿಗೆ. ಅರಿಕೆ ಮಾಡಿಕೊಳ್ಳುವವರು ಮೊಣಕಾಲೂರಿ ಸಿಂಹದ ಬಾಯಿಯೊಳಕ್ಕೆ ಮಾತನಾಡಬೇಕಾಗಿತ್ತು. ದೊರೆ ಬಾಗಬೇಕಾದ್ದಿಲ್ಲ, ನಾಚಬೇಕಾದ್ದಿಲ್ಲ, ಮತ್ತೊಮ್ಮೆ ಹೇಳಿ ಎಂದು ಬೇಡಬೇಕಾದ್ದಿಲ್ಲ. ಕಿವುಡು ಅವನದು, ಅದರ ಶ್ರಮ ಮಾತ್ರ ಎದುರಿನವರದು.

ಈ ಸಿಂಹಾಸನದ ವಿಷಯ ಓದಿದಾಗ ನನಗೆ ನೆನಪಾದದ್ದು ನಮ್ಮ ಊರಿನ ಮನೆ. ಅಲ್ಲಿ ಇಬ್ಬರು ಕಿವುಡರಿದ್ದರು: ಯಜಮಾನರಾದ ದೊಡ್ಡಪ್ಪ, ಅವರ ತಂಗಿ, ಎಂದರೆ ನನ್ನ ಸೋದರತ್ತೆ. ದೊಡ್ಡಪ್ಪನವರಿಗೆ ಕೇಳಿಸುವುದಿಲ್ಲವೆಂಬುದು ಮನೆಗೆಲ್ಲ ತಿಳಿದ ಸಂಗತಿ. ಯಾರೇ ಆಗಲಿ ಎದ್ದು ಹೋಗಿ, ಅವರ ಬಲಗಿವಿಯ ಬಳಿ ಬಾಗಿ, ನಿಧಾನವಾಗಿ ಬಿಡಿಸಿ ಹೇಳುತ್ತಿದ್ದರು. ಅತ್ತೆಗೆ ಕೇಳಿಸದಿದ್ದಾಗ ‘ಹೋಗಲಿ ಬಿಡು’ ಎನ್ನುತ್ತಿದ್ದರು. ಒಂದೇ ಮನೆ, ಒಂದೇ ವಂಶದ ಕಿವುಡು, ಎರಡು ಬಗೆಯ ಬಾಳು. ದೊಡ್ಡಪ್ಪ ಕೊನೆಯವರೆಗೂ ಮನೆಯ ವ್ಯವಹಾರ ನಡೆಸಿದರು. ಅತ್ತೆಗೆ ಅರವತ್ತು ದಾಟುವ ಹೊತ್ತಿಗೆ ‘ಅರಳುಮರಳು’ ಎಂಬ ಹೆಸರು ಬಂದಿತ್ತು. ಕೇಳಿದ ಪ್ರಶ್ನೆಯೊಂದು, ಕೊಟ್ಟ ಉತ್ತರವೊಂದು ಆದರೆ ಜನ ಬುದ್ಧಿಯನ್ನು ಸಂಶಯಿಸುತ್ತಾರೆ, ಕಿವಿಯನ್ನಲ್ಲ. ಆಡುವ ಮಾತೇ ನಿಂತುಹೋದ ಬುದ್ಧಿ ಆಮೇಲೆ ನಿಜವಾಗಿಯೂ ಮಂಕಾಗಬಹುದು. ಮರೆವಿನ ರೋಗಕ್ಕೆ ದಾರಿಮಾಡುವ, ಆದರೆ ತಡೆಯಬಹುದಾದ ಕಾರಣಗಳ ಪೈಕಿ ಶ್ರವಣದೋಷವೂ ಒಂದೆಂದು ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಆಯೋಗ 2017ರಿಂದ ಹೇಳುತ್ತ ಬಂದಿದೆ.

ಕುರುಡನನ್ನು ಕಂಡರೆ ನಮ್ಮ ಜನ ಕೈಹಿಡಿದು ರಸ್ತೆ ದಾಟಿಸುತ್ತಾರೆ. ಕಿವುಡನನ್ನು ಕಂಡರೆ ನಗುತ್ತಾರೆ. ನಮ್ಮ ಜನಪದ ಕಥೆಗಳಲ್ಲಿ, ನಾಟಕಗಳ ಹಾಸ್ಯ ಪ್ರಸಂಗಗಳಲ್ಲಿ ಕಿವುಡ ಬಂದನೆಂದರೆ ಒಂದಕ್ಕೊಂದು ತಾಳವಿಲ್ಲದ ಉತ್ತರಗಳ ನಗೆ ಬಂತೆಂದೇ ಅರ್ಥ. ನಗೆಯಷ್ಟೇ ಆಗಿದ್ದರೆ ಜನ ಇಷ್ಟು ಮರೆಮಾಚುತ್ತಿರಲಿಲ್ಲವೇನೊ. ಇದರ ಹಿಂದೆ ಆಸ್ತಿಯ ಪ್ರಶ್ನೆಯೂ ಇತ್ತು. ಹುಟ್ಟುಕುರುಡರಿಗೂ ಹುಟ್ಟುಕಿವುಡರಿಗೂ ಪಿತ್ರಾರ್ಜಿತದಲ್ಲಿ ಪಾಲಿಲ್ಲ, ಅನ್ನವಸ್ತ್ರ ಕೊಟ್ಟು ಸಾಕತಕ್ಕದ್ದು ಎಂಬುದು ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯದ ವಿಧಿ. ನಮ್ಮ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076-1126) ಮಿತಾಕ್ಷರವನ್ನು ಬರೆದ ವಿಜ್ಞಾನೇಶ್ವರ ಈ ಬಗೆಯ ಅನರ್ಹತೆಗಳನ್ನು ಒಪ್ಪಿಕೊಂಡರೂ ಒಂದು ಬಾಗಿಲನ್ನು ತೆರೆದಿಟ್ಟ: ಪಾಲಾದ ನಂತರವಾದರೂ ಔಷಧಾದಿಗಳಿಂದ ದೋಷ ನಿವಾರಣೆಯಾದರೆ ಅವನಿಗೆ ಪಾಲು ಸಲ್ಲತಕ್ಕದ್ದು. ಚಿಕಿತ್ಸೆಯ ಫಲಕ್ಕೆ ಇಷ್ಟು ನೇರವಾಗಿ ಬೆಲೆ ಕಟ್ಟಿದ ಶಾಸ್ತ್ರವಾಕ್ಯ ನನಗೆ ಇನ್ನೊಂದು ಗೊತ್ತಿಲ್ಲ. ಆದರೆ ಹುಟ್ಟುಕಿವುಡನ್ನು ಪರಿಹರಿಸುವ ಔಷಧವೇ ಇಲ್ಲದ ಕಾಲದಲ್ಲಿ ಆ ಬಾಗಿಲಿನಿಂದ ಎಷ್ಟು ಜನ ಒಳಗೆ ಬಂದಾರು? ಬ್ರಿಟಿಷರ ನ್ಯಾಯಾಲಯಗಳಲ್ಲಿಯೂ ಕಿವುಡು ಹುಟ್ಟಿನಿಂದ ಬಂದದ್ದೋ ನಡುವೆ ಬಂದದ್ದೋ ಎಂಬುದು ವಾದದ ವಿಷಯವಾಗಿತ್ತು. 1928ರ ಒಂದು ಕಾಯಿದೆ ಬ್ರಿಟಿಷ್ ಇಂಡಿಯದ ಮಿತಾಕ್ಷರಾ ಪ್ರದೇಶಗಳಲ್ಲಿ ಈ ಅನರ್ಹತೆಯನ್ನು ತೊಡೆದುಹಾಕಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಯಾವ ರೋಗವೂ ಅಂಗದೋಷವೂ ಪಾಲಿಗೆ ಅಡ್ಡಿಯಲ್ಲವೆಂದು ಸಾರಿತು. ಕಾಯಿದೆಯ ಪುಸ್ತಕದಿಂದ ಹೋದದ್ದು ಹೆಣ್ಣು ನೋಡುವ, ಗಂಡು ನೋಡುವ ಪಡಸಾಲೆಯಿಂದ ಅಷ್ಟು ಬೇಗ ಹೋಗಲಿಲ್ಲ. ಹುಡುಗಿಗೆ ಕಿವಿ ಸ್ವಲ್ಪ ಮಂದವೆಂದರೆ ಅವಳ ತಂಗಿಯ ಮದುವೆಯೂ ನಿಲ್ಲುತ್ತದೆಂಬ ಭಯದಿಂದ ವೈದ್ಯರ ಬಳಿಗೇ ಕರೆದೊಯ್ಯದ ತಂದೆತಾಯಿಗಳನ್ನು ನಾನು ಬಲ್ಲೆ.

ಇಪ್ಪತ್ತನೆಯ ಶತಮಾನದ ಯಂತ್ರಗಳ ಕಥೆಯನ್ನು ಬೇಗ ಹೇಳಿ ಮುಗಿಸಬಹುದು. ಅದರಲ್ಲಿ ಎರಡು ಪ್ರಯೋಗಗಳು ಮಾತ್ರ ವಿಶೇಷವಾಗಿ ಲಕ್ಷಿಸಬೇಕಾದವು. ಎರಡನೆಯ ಮಹಾಯುದ್ಧದಲ್ಲಿ ಫಿರಂಗಿಗಳ ಸದ್ದಿಗೆ ಕಿವಿ ಕಳೆದುಕೊಂಡ ಸೈನಿಕರಿಗಾಗಿ ಅಮೆರಿಕದ ಸೇನೆ ಪ್ರತ್ಯೇಕ ಆಸ್ಪತ್ರೆಗಳನ್ನು ಏರ್ಪಡಿಸಿತು. ಪೆನ್ಸಿಲ್ವೇನಿಯದ ಡೆಶಾನ್ ಆಸ್ಪತ್ರೆಯಲ್ಲಿ ರೇಮಂಡ್ ಕಾರ್ಹಾರ್ಟ್ ಎಂಬ ವಿದ್ವಾಂಸ ಯಂತ್ರವನ್ನು ಕೊಟ್ಟು ಕಳುಹಿಸಲಿಲ್ಲ. ವಾರಗಟ್ಟಲೆ ಅಲ್ಲಿಯೇ ಇರಿಸಿಕೊಂಡು ತುಟಿಯ ಚಲನೆ ಓದುವುದನ್ನು, ಗದ್ದಲದಲ್ಲಿ ಮಾತನ್ನು ಹೆಕ್ಕುವುದನ್ನು, ಹೊಸ ಶಬ್ದಗಳಿಗೆ ಮನಸ್ಸನ್ನು ಹೊಂದಿಸಿಕೊಳ್ಳುವುದನ್ನು ಕಲಿಸಿದ. ಒಬ್ಬರಿಗೊಬ್ಬರು ಜೊತೆಯಾಗಿ ಕಲಿತವರು; ಯುದ್ಧದಲ್ಲಿ ಬಂದ ಕಿವುಡಾದುದರಿಂದ ಅದರಲ್ಲಿ ನಾಚಿಕೆಯೂ ಇರಲಿಲ್ಲ. ಇನ್ನೊಂದು ಪ್ರಯೋಗ ಬ್ರಿಟನ್ನಿನದು. 1948ರಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾದಾಗ ಮೆಡ್‌ರೆಸ್ಕೊ ಎಂಬ ಯಂತ್ರವನ್ನು ಬೇಕಾದವರಿಗೆಲ್ಲ ಉಚಿತವಾಗಿ ಕೊಟ್ಟರು. ಬಡವನಿಗೂ ಶ್ರವಣಯಂತ್ರ ದೊರೆತದ್ದು ದೊಡ್ಡ ಸಂಗತಿಯೇ. ಆದರೆ ಮೈಮೇಲೆ ಪೆಟ್ಟಿಗೆ, ಅದಕ್ಕೆ ಬ್ಯಾಟರಿಯ ಇನ್ನೊಂದು ಪೆಟ್ಟಿಗೆ, ಕಿವಿಗೆ ಹೋಗುವ ತಂತಿ. ಬೆಲೆಯ ಅಡ್ಡಿ ಹೋಯಿತು, ನೋಟದ ಅಡ್ಡಿ ಉಳಿಯಿತು.

1950ರ ದಶಕದಲ್ಲಿ ಟ್ರಾನ್ಸಿಸ್ಟರ್ ಬಂದು ಯಂತ್ರ ಕಿರಿದಾದೊಡನೆ ತಯಾರಕರು ಮೊದಲು ಮಾಡಿದ ಕೆಲಸಗಳಲ್ಲೊಂದು ಅದನ್ನು ಕನ್ನಡಕದ ಕಡ್ಡಿಯೊಳಗೆ ಅಡಗಿಸಿದ್ದು. ಕನ್ನಡಕ ಹಾಕಿದವನು ಓದಿದವನಂತೆ ಕಾಣುತ್ತಾನೆ, ಕಿವಿಗೆ ಯಂತ್ರ ಹಾಕಿದವನು ಮುದುಕನಂತೆ. ಅಮೆರಿಕದ ಅಧ್ಯಕ್ಷ ರೇಗನ್ ತಮ್ಮ 72ನೆಯ ವಯಸ್ಸಿನಲ್ಲಿ, 1983ರಲ್ಲಿ, ಬಹಿರಂಗವಾಗಿ ಯಂತ್ರ ಧರಿಸಿದಾಗ ಅಂಗಡಿಗಳಲ್ಲಿ ಬೇಡಿಕೆ ಏರಿತಂತೆ. ದೊರೆಗಳಿಗೆ ನಾಚಿಕೆಯಿಲ್ಲವೆಂಬುದು ಅಲ್ಲಿಯೂ ನಿಜವಾಯಿತು. ಈ ಸಲ ಅದರಿಂದ ಪ್ರಜೆಗಳಿಗೂ ಉಪಕಾರವಾಯಿತು.

ನಮ್ಮ ನಾಡಿನಲ್ಲಿ ಈ ವಿದ್ಯೆಗೆ ನೆಲೆ ದೊರೆತದ್ದು ಮೈಸೂರಿನಲ್ಲಿ. ‘ಆಕಾಶವಾಣಿ’ ಎಂಬ ಹೆಸರು ಹುಟ್ಟಿದ ಊರೂ ಅದೇ ಎಂಬುದನ್ನು ಬಾನುಲಿಯಲ್ಲಿ ಮಾತನಾಡುವವನು ಮರೆಯಬಾರದು. 1935ರಲ್ಲಿ ತಮ್ಮ ಮನೆಯಲ್ಲೇ ಪ್ರಸಾರ ಆರಂಭಿಸಿದ ಎಂ. ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಮೂವತ್ತು ವರ್ಷಗಳ ಅನಂತರ, 1965ರಲ್ಲಿ, ಅಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಸ್ಥಾಪಿತವಾಯಿತು. ಅದರ ನಿರ್ದೇಶಕರಾಗಿದ್ದವರಲ್ಲಿ ರಂಗಭೂಮಿಯ ನ. ರತ್ನ ಅವರೂ ಒಬ್ಬರು. ಕನ್ನಡಿಗನ ಕಿವಿಯನ್ನು ಕನ್ನಡ ಪದಗಳಿಂದಲೇ ಪರೀಕ್ಷಿಸಬೇಕೆಂದು ಅಲ್ಲಿನವರು ನಮ್ಮ ಭಾಷೆಯ ಪದಪಟ್ಟಿಗಳನ್ನು ಸಿದ್ಧಪಡಿಸಿದ್ದಾರೆ. ಮನುಷ್ಯ ಕೇಳುವುದು ಬರಿಯ ಶಬ್ದವನ್ನಲ್ಲ, ಭಾಷೆಯನ್ನು. ಗೊತ್ತಿರುವ ಮಾತಿನಲ್ಲಿ ಕೇಳಿಸದ ಅಕ್ಷರವನ್ನು ಮನಸ್ಸು ತಾನೇ ತುಂಬಿಕೊಳ್ಳುತ್ತದೆ.

ನನ್ನ ಸೋದರತ್ತೆಗೂ ದೊಡ್ಡಪ್ಪನ ಮಗ 1980ರ ದಶಕದಲ್ಲಿ ಒಂದು ಯಂತ್ರ ತಂದುಕೊಟ್ಟ. ಊರಿನವರ ಬಾಯಲ್ಲಿ ಅದು ‘ಕಿವಿ ಮಿಷನ್ನು’. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಪೆಟ್ಟಿಗೆ, ಒಂದು ತಂತಿ, ಕಿವಿಗೆ ಒಂದು ಬಿರಡೆ. ಆ ಪೆಟ್ಟಿಗೆ ಅಂಗಿಯ ಜೇಬಿಗೆಂದು ಮಾಡಿದ್ದು. ಸೀರೆ ಉಡುವ ಹೆಂಗಸಿಗೆ ಜೇಬೆಲ್ಲಿ? ರವಿಕೆಯೊಳಗೆ ಸೇರಿಸಿಕೊಂಡರೆ ಬಟ್ಟೆ ಉಜ್ಜಿದ ಸದ್ದೇ ಕಿವಿತುಂಬ. ತಂತಿ ಮಾತ್ರ ಕೊರಳ ಬಳಿ ಎಲ್ಲರಿಗೂ ಕಾಣುತ್ತಿತ್ತು. ‘ಈ ವಯಸ್ಸಿನಲ್ಲಿ ನನಗೇತಕ್ಕಪ್ಪ ಈ ಶೃಂಗಾರ?’ ಎಂದರು. ಸೆಲ್ಲು ಮುಗಿದಾಗ ಇನ್ನೊಂದು ಬೇಕೆಂದು ಯಾರನ್ನೂ ಕೇಳಲಿಲ್ಲ. ಕೈಯಲ್ಲಿ ಸ್ವಂತ ದುಡ್ಡಿಲ್ಲದವರು ಪೇಟೆಯಿಂದ ಸೆಲ್ಲು ತಂದುಕೊಡಿ ಎಂದು ತಿಂಗಳು ತಿಂಗಳೂ ಹೇಗೆ ಕೇಳಿಯಾರು? ಅವರು ತೀರಿಕೊಂಡಮೇಲೆ ಯಂತ್ರ ಟ್ರಂಕಿನಲ್ಲಿ, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಟ್ಟಿದ್ದು ಸಿಕ್ಕಿತು. ಯಂತ್ರ ಕೆಟ್ಟಿರಲಿಲ್ಲ. ಶ್ರವಣಯಂತ್ರ ಬೇಕಾದವರ ಪೈಕಿ ನೂರಕ್ಕೆ 17 ಜನ ಮಾತ್ರ ಅದನ್ನು ಬಳಸುತ್ತಿದ್ದಾರೆಂದು ವಿಶ್ವ ಆರೋಗ್ಯ ಸಂಸ್ಥೆಯ 2021ರ ವರದಿ ಹೇಳುತ್ತದೆ. ಉಳಿದ 83ರಲ್ಲಿ ಬೆಲೆಗೆ, ದೂರಕ್ಕೆ, ಅಜ್ಞಾನಕ್ಕೆ ದೊಡ್ಡ ಪಾಲು ಸಲ್ಲುತ್ತದೆ. ಅತ್ತೆಯಂಥವರನ್ನು ಯಾವ ಕಲಮಿನಡಿ ಬರೆಯಬೇಕೊ ನಾನರಿಯೆ.

ನನ್ನ ಎರಡು ಕಿವಿಗಳಲ್ಲೂ ಈಗ ಯಂತ್ರಗಳಿವೆ. ಕಿವಿಯ ಹಿಂದೆ ಅಡಗುವ ಇಂದಿನ ಯಂತ್ರಗಳಿಗೆ ಜೇಬಿನ ಹಂಗಿಲ್ಲ. ಮೊದಲ ದಿನಗಳಲ್ಲಿ ಫ್ಯಾನಿನ ಸದ್ದು, ತಟ್ಟೆಯ ಸದ್ದು, ನನ್ನದೇ ಹೆಜ್ಜೆಯ ಸದ್ದು ಎಲ್ಲವೂ ಮೇಲೆ ಬಿದ್ದಂತಾಗುತ್ತಿತ್ತು. ಎಷ್ಟೋ ವರ್ಷ ಮರೆತ ಸದ್ದುಗಳಲ್ಲಿ ಯಾವುದನ್ನು ಕೇಳಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಮಿದುಳು ಹೊಸದಾಗಿ ಕಲಿಯಬೇಕು. ಅದಕ್ಕೆ ವಾರಗಳು ಹಿಡಿಯುತ್ತವೆ. ಎಷ್ಟೋ ಜನ ಮೊದಲ ವಾರದಲ್ಲೇ, ಯಾವುದೋ ಮದುವೆ ಛತ್ರದ ಗದ್ದಲದಲ್ಲಿ, ಬಿಚ್ಚಿ ಜೇಬಿಗೆ ಹಾಕಿದವರು ಮತ್ತೆ ಧರಿಸುವುದಿಲ್ಲ. ನನಗೆ ಯಂತ್ರ ಹೊಂದಿಸಿದ ತರುಣಿ ಮೊದಲು ಕೇಳಿದ್ದು ನನ್ನ ಕಿವಿಯ ವಿಷಯವನ್ನಲ್ಲ. ‘ಮನೆಯಲ್ಲಿ ನಿಮ್ಮೊಡನೆ ಹೆಚ್ಚು ಮಾತನಾಡುವವರು ಯಾರು? ಮುಂದಿನ ಸಲ ಅವರನ್ನೂ ಕರೆದುಕೊಂಡು ಬನ್ನಿ’ ಎಂದರು. ನನ್ನ ಸೊಸೆ ಬಂದಳು. ಆಕೆಗೂ ಒಂದು ಗಂಟೆ ಪಾಠವಾಯಿತು: ಎದುರು ನಿಂತು, ಮುಖಕ್ಕೆ ಬೆಳಕು ಬೀಳುವಂತೆ, ಕೂಗದೆ, ನಿಧಾನವಾಗಿ. ಈಗ ಆಕೆ ಅಡುಗೆಮನೆಯಿಂದ ಕರೆಯುವುದಿಲ್ಲ. ಮಿಕ್ಸಿ ನಿಲ್ಲಿಸಿ, ಸೆರಗಿಗೆ ಕೈ ಒರಸಿಕೊಂಡು, ನಾನು ಓದುವ ಮೇಜಿನ ಎದುರಿಗೆ ಬಂದು, ನಾನು ತಲೆಯೆತ್ತಿದ ಮೇಲೆ ಮಾತು ಆರಂಭಿಸುತ್ತಾಳೆ.